ವರದಿಯ ಕೊನೆಯ ಸಾಲು

ನಮ್ಮ ದೊಡ್ಡಪ್ಪನ ಕಾಯಿಲೆಯನ್ನು ಮೊದಲು ಹಿಡಿದವಳು ದೊಡ್ಡವ್ವ. ಎಕ್ಸ್‌ರೇ, ಎಂಡೋಸ್ಕೋಪಿ ಎಲ್ಲ ಆಮೇಲೆ ಬಂದವು. ಅವಳು ನೋಡಿದ್ದು ಊಟದ ತಾಟನ್ನು.

ದೊಡ್ಡಪ್ಪ ಅಣ್ಣಿಗೇರಿ ಕಡೆಯ ಎರಿಹೊಲದಲ್ಲಿ ಕಡಲೆ, ಜೋಳ ಬೆಳೆದುಕೊಂಡಿದ್ದವರು. ಎರಡೂ ಹೊತ್ತು ರೊಟ್ಟಿ ಬೇಕು. ಬುಟ್ಟಿಯಲ್ಲಿ ಒಣಗಿಸಿಟ್ಟ ಖಡಕ್ ರೊಟ್ಟಿಯನ್ನು ಕಟಕಟ ಮುರಿದು, ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುವುದೆಂದರೆ ಅವರಿಗೆ ಹಬ್ಬ. ಒಂದು ಸಂಜೆ ಹುಬ್ಬಳ್ಳಿಯಿಂದ ನಾನು ಹೋದಾಗ ದೊಡ್ಡವ್ವ ನನ್ನನ್ನು ಒಲೆಯ ಹತ್ತಿರ ಕರೆದು ದನಿ ತಗ್ಗಿಸಿ ಹೇಳಿದಳು: ‘ಎರಡ ತಿಂಗಳಾತು ನೋಡಪಾ, ರೊಟ್ಟಿ ಹಾಲಾಗ ಮುರದ ನೆನಸಿ ಉಣ್ಣಾಕತ್ಯಾರ. ಕೇಳಿದ್ರ ಹಲ್ಲು ನೋಯ್ತಾವ ಅಂತಾರ. ಹಲ್ಲು ನೋಯೂ ಮಂದಿ ಒಂದೊಂದು ತುತ್ತಿಗೂ ನೀರು ಕುಡೀತಾರೇನು?’

ನಮ್ಮ ಭಾಗದಲ್ಲಿ ಅನ್ನನಾಳದ ಕಾಯಿಲೆಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಮತ್ತೊಂದಿಲ್ಲ. ಗಂಟಲಿನಿಂದ ಹೊಟ್ಟೆಯವರೆಗಿನ ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದ. ತುತ್ತು ಬಂದಾಗ ಹಿಗ್ಗುತ್ತದೆ, ಹೋದಮೇಲೆ ಮುದುಡುತ್ತದೆ. ಈ ಹಿಗ್ಗುವ ಗುಣದಿಂದಾಗಿಯೇ ಒಳಗೆ ಗಡ್ಡೆ ಬೆಳೆಯುತ್ತಿದ್ದರೂ ಬಹಳ ದಿನ ಗೊತ್ತಾಗುವುದಿಲ್ಲ. ದಾರಿ 13 ಮಿಲಿಮೀಟರಿಗಿಂತ ಕಿರಿದಾದ ಮೇಲೆ ಗಟ್ಟಿ ಪದಾರ್ಥ ಸಿಕ್ಕಿಕೊಳ್ಳತೊಡಗುತ್ತದೆ. ಮೊದಲು ಬಿಡುವುದು ಖಡಕ್ ರೊಟ್ಟಿ. ಆಮೇಲೆ ಬಿಸಿ ರೊಟ್ಟಿಯನ್ನು ಸಾರಿನಲ್ಲಿ ಅದ್ದುವುದು, ಹಾಲಿನಲ್ಲಿ ನೆನೆಸುವುದು. ಮುಂದೆ ಅನ್ನ, ನುಚ್ಚು-ಮಜ್ಜಿಗೆ. ಅಂಬಲಿಗೆ ಬಂದು ನಿಂತಾಗ ಒಳಗಿನ ದಾರಿ ಪೆನ್ಸಿಲಿನಷ್ಟೂ ಉಳಿದಿರುವುದಿಲ್ಲ. ಇಷ್ಟೆಲ್ಲ ಆಗುವಾಗ ರೋಗಿ ‘ನುಂಗಾಕ ಆಗವಲ್ದು’ ಎಂದು ಬಾಯಿಬಿಟ್ಟು ಹೇಳುವುದೇ ಇಲ್ಲ. ‘ಗ್ಯಾಸ್ ಆಗೇತಿ’ ಎನ್ನುತ್ತಾನೆ, ‘ಎದ್ಯಾಗ ಹಿಡದಂಗ ಆಕ್ಕೈತಿ’ ಎನ್ನುತ್ತಾನೆ. ಔಷಧಿ ಅಂಗಡಿಯವರು ಗ್ಯಾಸಿನ ಗುಳಿಗೆ ಕೊಡುತ್ತಾರೆ. ಅದರಿಂದ ಉರಿ ಒಂದಿಷ್ಟು ತಗ್ಗುವುದೂ ಉಂಟು. ಆ ಆರಾಮವೇ ಇನ್ನೆರಡು ತಿಂಗಳನ್ನು ನುಂಗುತ್ತದೆ.

ದೊಡ್ಡವ್ವನ ಮಾತು ಕೇಳಿದ ವಾರದೊಳಗೆ ಎಂಡೋಸ್ಕೋಪಿ ಆಯಿತು. ಹಲ್ಲಿನಿಂದ 30 ಸೆಂಟಿಮೀಟರ್ ಕೆಳಗೆ ದಾರಿ ಕಿರಿದಾಗಿತ್ತು. ವೈದ್ಯರು ಅಲ್ಲಿಂದ ಚೂರು ತೆಗೆದು ಬಯಾಪ್ಸಿಗೆ ಕಳುಹಿಸಿದರು. ಐದು ದಿನಕ್ಕೆ ಎರಡು ಪುಟದ ಇಂಗ್ಲಿಷ್ ವರದಿ ಬಂತು. ‘ಕ್ಯಾನ್ಸರ್ ಅಂತ ಬಂದಿಲ್ಲ’ ಎಂದು ಕೌಂಟರಿನಲ್ಲಿ ಯಾರೋ ಹೇಳಿದರು. ಆ ಮಾತನ್ನೇ ನಾವೆಲ್ಲ ಹಿಡಿದುಕೊಂಡೆವು. ದೊಡ್ಡವ್ವ ಸವದತ್ತಿಗೆ ಹೋಗಿ ಎಲ್ಲಮ್ಮನಿಗೆ ಉಡಿ ತುಂಬಿ ಬಂದಳು. ವರದಿ ಪ್ಲಾಸ್ಟಿಕ್ ಚೀಲ ಸೇರಿ ಗೋಡೆಯ ಮೊಳೆಗೆ ನೇತಾಡಿತು.

ಹನ್ನೊಂದು ವಾರ ಕಳೆದವು. ಅಂಬಲಿಯೂ ಇಳಿಯದಂತಾಯಿತು. ಬೇರೊಂದು ದವಾಖಾನೆಯಲ್ಲಿ ಕಿರಿಯ ವೈದ್ಯೆಯೊಬ್ಬರು ಆ ಹಳೆಯ ವರದಿಯ ಎರಡನೇ ಪುಟ ತಿರುಗಿಸಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಕನ್ನಡದಲ್ಲಿ ಓದಿ ಹೇಳಿದರು: ‘ಚೂರಿನಲ್ಲಿ ಜೀವಕೋಶಗಳು ಜಜ್ಜಿಹೋಗಿವೆ, ಖಚಿತವಾಗಿ ಹೇಳಲಾಗದು, ಮತ್ತೆ ಬಯಾಪ್ಸಿ ಮಾಡಬೇಕು.’ ಸಾಲು ಮೊದಲಿನಿಂದಲೂ ಅಲ್ಲೇ ಇತ್ತು. ನಾವು ಯಾರೂ ಓದಿರಲಿಲ್ಲ.

ಈ ಲೇಖನ ಬರೆಯಲು ಆ ಒಂದು ಸಾಲೇ ಕಾರಣ. ಅನ್ನನಾಳದ ಅಪರೂಪದ ಕ್ಯಾನ್ಸರ್‌ಗಳಲ್ಲಿ ‘ಕ್ಯಾನ್ಸರ್ ಕಂಡಿಲ್ಲ’ ಎಂಬ ವರದಿಗೂ ‘ಕ್ಯಾನ್ಸರ್ ಇಲ್ಲ’ ಎಂಬ ಮಾತಿಗೂ ನಡುವೆ ದೊಡ್ಡ ಕಂದಕವಿದೆ. ಎಷ್ಟೋ ಮನೆತನಗಳು ಅದರಲ್ಲಿ ಬೀಳುತ್ತವೆ.

ಭಾರತದಲ್ಲಿ ವರ್ಷಕ್ಕೆ ಸುಮಾರು 70 ಸಾವಿರ ಜನರಿಗೆ ಅನ್ನನಾಳದ ಕ್ಯಾನ್ಸರ್ ಬರುತ್ತದೆ ಎಂದು 2022ರ ಅಂತರರಾಷ್ಟ್ರೀಯ ಅಂದಾಜು ಹೇಳುತ್ತದೆ. ಸಾಯುವವರ ಸಂಖ್ಯೆ ಅದಕ್ಕೆ ತೀರ ಹತ್ತಿರದಲ್ಲಿದೆ. ಎರಡು ಅಂಕಿ ಇಷ್ಟು ಹತ್ತಿರ ಇರುವುದೇ ಕಾಯಿಲೆ ಎಷ್ಟು ತಡವಾಗಿ ಸಿಗುತ್ತದೆ ಎಂಬುದಕ್ಕೆ ಸಾಕ್ಷಿ. ಕರ್ನಾಟಕಕ್ಕೆ ಇದು ಹೊಸ ಕಾಯಿಲೆಯಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ಇಟ್ಟುಕೊಂಡು ಬಂದಿರುವ ಕ್ಯಾನ್ಸರ್ ನೋಂದಣಿಯಲ್ಲಿ ಅನ್ನನಾಳ ಮುಂಚೂಣಿಯ ಹೆಸರುಗಳಲ್ಲೊಂದು. ತಂಬಾಕು, ಸಾರಾಯಿ, ಎಲೆ-ಅಡಿಕೆ, ಸುಡುಸುಡುವ ಚಹಾ ಇವೆಲ್ಲ ಸೇರಿ ತರುವ ಬಗೆ ‘ಸ್ಕ್ವೇಮಸ್ ಸೆಲ್’. ನಮ್ಮಲ್ಲಿ ಹೆಚ್ಚಿನವರಿಗೆ ಇದೇ. ಹೊಟ್ಟೆಯ ಆಮ್ಲ ಮೇಲೆ ಉಕ್ಕಿ ವರ್ಷಗಟ್ಟಲೆ ಅನ್ನನಾಳದ ಕೆಳತುದಿಯನ್ನು ಸುಡುವುದರಿಂದ ಬರುವ ‘ಅಡಿನೋಕಾರ್ಸಿನೋಮ’ ಪಶ್ಚಿಮದ ದೇಶಗಳಲ್ಲಿ ಹೆಚ್ಚು. ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ರೋಗಿಗಳು ಈ ಎರಡರಲ್ಲೊಂದಕ್ಕೆ ಸೇರುತ್ತಾರೆ. ಉಳಿದ ನಾಲ್ಕೈದು ಮಂದಿಯಲ್ಲಿ ಹತ್ತಾರು ಬಗೆಗಳು ಹಂಚಿಹೋಗಿವೆ.

ಅವುಗಳಲ್ಲಿ ತುಸು ಹೆಚ್ಚು ಸಿಗುವುದು ‘ಸ್ಮಾಲ್ ಸೆಲ್’. ಶ್ವಾಸಕೋಶದಲ್ಲಿ ಹೆಸರಾದ ಈ ಬಗೆಯನ್ನು ಅನ್ನನಾಳದಲ್ಲಿ ಮೊದಲು ವರದಿ ಮಾಡಿದ್ದು 1952ರಲ್ಲಿ. ನೂರರಲ್ಲಿ ಒಂದೆರಡು ಇರಬಹುದು. ‘ಮೆಲನೋಮ’ವನ್ನು ಚರ್ಮದ ಕ್ಯಾನ್ಸರ್ ಎಂದೇ ಓದಿರುತ್ತೇವೆ, ಅದು ಅನ್ನನಾಳದಲ್ಲೇ ಹುಟ್ಟುವುದೂ ಉಂಟು. ಸಾವಿರಕ್ಕೆ ಒಂದೋ ಎರಡೋ. 70 ಸಾವಿರದ ಲೆಕ್ಕ ಹಿಡಿದರೆ ಇಡೀ ದೇಶದಲ್ಲಿ ವರ್ಷಕ್ಕೆ ನೂರರ ಆಸುಪಾಸು. ಹುಬ್ಬಳ್ಳಿ-ಧಾರವಾಡದ ಪೆಥಾಲಜಿಸ್ಟ್ ಒಬ್ಬರು ತಮ್ಮ ಇಡೀ ವೃತ್ತಿಜೀವನದಲ್ಲಿ ಒಂದನ್ನೂ ನೋಡದೆ ನಿವೃತ್ತರಾಗಬಹುದು. ನೋಡಿರದ ಮುಖವನ್ನು ಗುರುತಿಸುವುದು ಯಾರಿಗಾದರೂ ಕಷ್ಟವೇ. ಮೂವತ್ತು ವರ್ಷ ಒಂದೇ ಬಗೆಯ ಗಡ್ಡೆ ನೋಡಿದ ಕಣ್ಣು ಮೂವತ್ತೊಂದನೇ ವರ್ಷವೂ ಅದನ್ನೇ ನಿರೀಕ್ಷಿಸುತ್ತದೆ.

ಬಯಾಪ್ಸಿ ಎಂದರೆ ಏನೆಂದು ಒಮ್ಮೆ ಹತ್ತಿರದಿಂದ ನೋಡಬೇಕು. ಎಂಡೋಸ್ಕೋಪಿನ ನಳಿಗೆಯೊಳಗಿಂದ ಇಳಿಯುವ ತಂತಿಯ ತುದಿಗೆ ಎರಡು ಬಟ್ಟಲಿನಂಥ ಪುಟ್ಟ ಚಿಮಟಿ. ಅದು ಕಚ್ಚಿ ತರುವ ಚೂರು ಸಾಸಿವೆ ಕಾಳಿನಷ್ಟು, ಎರಡು-ಮೂರು ಮಿಲಿಮೀಟರ್. ಫಾರ್ಮಾಲಿನ್ ಸೀಸೆಯಲ್ಲಿ ನೆನೆದು ಗಟ್ಟಿಯಾದ ಅದನ್ನು ಮೇಣದಲ್ಲಿ ಹೂತು ಬ್ಲಾಕ್ ಮಾಡುತ್ತಾರೆ. ಮೈಕ್ರೋಟೋಮ್ ಯಂತ್ರ ಆ ಮೇಣವನ್ನು ಒಂದು ಮಿಲಿಮೀಟರಿನ ಇನ್ನೂರೈವತ್ತರಲ್ಲಿ ಒಂದು ಪಾಲಿನಷ್ಟು ತೆಳ್ಳಗೆ ಹೆರೆಯುತ್ತದೆ. ಹೆರೆದ ಪದರ ಬೆಚ್ಚನೆಯ ನೀರಿನ ಮೇಲೆ ಮುದುಡದೆ ತೇಲಬೇಕು, ಗಾಜಿನ ಪಟ್ಟಿಗೆ ಅಂಟಬೇಕು. ಆಮೇಲೆ ಬಣ್ಣ. ಕೋಶದ ಕೇಂದ್ರಕ್ಕೆ ನೀಲಿ, ಸುತ್ತಲಿನದಕ್ಕೆ ಗುಲಾಬಿ. ಸೂಕ್ಷ್ಮದರ್ಶಕದ ಕೆಳಗೆ ನೋಡುವವರ ಪಾಲಿಗೆ ರೋಗಿ ಎಂದರೆ ಇಷ್ಟೇ: ಸಾಸಿವೆ ಕಾಳಿನ ಒಂದು ಪದರ.

1982ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಅನ್ನನಾಳದ ಕ್ಯಾನ್ಸರಿನಲ್ಲಿ ಒಂದೇ ಚೂರು ತೆಗೆದರೆ ಶೇ 93, ಏಳು ಚೂರು ತೆಗೆದರೆ ಶೇ 98ರಷ್ಟು ಕಾಯಿಲೆ ಸಿಗುತ್ತದೆ ಎಂದು ತೋರಿಸಿತು. ಆರರಿಂದ ಎಂಟು ಚೂರು ತೆಗೆಯಬೇಕು ಎಂಬ ಇಂದಿನ ರೂಢಿಗೆ ಇಂಥ ಲೆಕ್ಕಗಳೇ ಆಧಾರ. ದಾರಿ ತೀರ ಕಿರಿದಾಗಿ ಚಿಮಟಿ ಗಡ್ಡೆಯ ಅಂಚನ್ನಷ್ಟೇ ಮುಟ್ಟಿದರೆ, ಸತ್ತ ಅಂಗಾಂಶವೇ ಕೈಗೆ ಬಂದರೆ, ಏಳು ಚೂರು ತೆಗೆದರೂ ಉತ್ತರ ಸಿಗದಿರಬಹುದು.

ಅಪರೂಪದವುಗಳಲ್ಲಿ ಒಂದೊಂದೂ ಒಂದೊಂದು ರೀತಿಯಲ್ಲಿ ಮೋಸ ಮಾಡುತ್ತದೆ. ಸ್ಮಾಲ್ ಸೆಲ್ ಕೋಶಗಳು ಬಲು ಮೆತ್ತಗೆ. ಚಿಮಟಿ ಹಿಸುಕಿದ ಕೂಡಲೇ ನೀಲಿ ಗೆರೆಗಳಾಗಿ ಹರಡಿಬಿಡುತ್ತವೆ. ಉರಿಯೂತದ ಬಿಳಿ ರಕ್ತಕಣವೋ, ಆ ಕಣಗಳದೇ ಕ್ಯಾನ್ಸರಾದ ಲಿಂಫೋಮವೋ, ಸ್ಮಾಲ್ ಸೆಲ್ಲೋ ಹೇಳಲಾಗುವುದಿಲ್ಲ. ದೊಡ್ಡಪ್ಪನ ಮೊದಲ ಚೂರಿಗೆ ಆದದ್ದು ಇದೇ. ‘ವೆರುಕಸ್’ ಎಂಬ ನರುಲಿಯಂಥ ಗಡ್ಡೆ ಮೇಲ್ಮೈಯಲ್ಲಿ ದಪ್ಪ ಚರ್ಮದಂತೆ ಬೆಳೆದು, ಕೆಡುಕನ್ನೆಲ್ಲ ಆಳದಲ್ಲಿ ಇಟ್ಟುಕೊಂಡಿರುತ್ತದೆ. ಮೇಲಿನಿಂದ ತೆಗೆದ ಚೂರು ಮೂರು ಸಲ, ನಾಲ್ಕು ಸಲ ‘ತೊಂದರೆಯಿಲ್ಲ’ ಎಂದೇ ಹೇಳುತ್ತದೆ. ಸ್ನಾಯುಪದರದಲ್ಲಿ ಹುಟ್ಟುವ ‘ಗಿಸ್ಟ್’ ಗಡ್ಡೆಯ ಮೇಲೆ ಒಳಚರ್ಮ ನುಣ್ಣಗೆ, ಆರೋಗ್ಯವಾಗಿಯೇ ಇರುತ್ತದೆ. ಚಿಮಟಿ ತರುವುದು ಆ ಆರೋಗ್ಯವಂತ ಚರ್ಮವನ್ನೇ. ಅಲ್ಲಿ ಎಂಡೋಸ್ಕೋಪಿಗೆ ಅಲ್ಟ್ರಾಸೌಂಡ್ ಜೋಡಿಸಿ, ಒಳಗಿನಿಂದಲೇ ಸೂಜಿ ಚುಚ್ಚಿ ಆಳದ ಅಂಗಾಂಶ ತೆಗೆಯಬೇಕು.

ಇನ್ನೊಂದು ಬಗೆಯಲ್ಲಿ ಬೇರಿಯಂ ಎಕ್ಸ್‌ರೇಯೇ ದಾರಿ ತಪ್ಪಿಸುತ್ತದೆ. ಅನ್ನನಾಳದ ಕೆಳತುದಿ ತೆರೆಯದೆ ಬಿಗಿಯಾಗುವ ‘ಅಕಲೇಸಿಯ’ ಎಂಬ ನರದೋಷದಲ್ಲಿ ಚಿತ್ರ ಹಕ್ಕಿಯ ಕೊಕ್ಕಿನಂತೆ ಕಾಣುತ್ತದೆ. ಹೊಟ್ಟೆಯ ಬಾಯಿಯ ಸುತ್ತ ಒಳಗೊಳಗೇ ಹಬ್ಬುವ ಕ್ಯಾನ್ಸರೂ ಅದೇ ಕೊಕ್ಕನ್ನು ಬರೆಯಬಲ್ಲದು. ವಯಸ್ಸಾದವರು, ತೊಂದರೆ ಶುರುವಾಗಿ ಕೆಲವೇ ತಿಂಗಳು, ತೂಕ ಸರಸರ ಇಳಿದಿದೆ ಎಂದರೆ ಅನುಭವಿ ವೈದ್ಯರು ಕೊಕ್ಕನ್ನು ನಂಬದೆ ಸಿಟಿ ಸ್ಕ್ಯಾನ್ ಬರೆಯುತ್ತಾರೆ.

ಇದರ ತಿರುವುಮುರುವೂ ಇದೆ, ನಮ್ಮ ದೇಶದಲ್ಲಿ ಅದನ್ನು ಮರೆಯುವಂತಿಲ್ಲ. ಕ್ಷಯ ಅನ್ನನಾಳಕ್ಕೂ ಬರುತ್ತದೆ. ಎದೆಗೂಡಿನ ಗಂಟುಗಳಿಂದ ಹಬ್ಬಿ, ಹುಣ್ಣಾಗಿ, ಥೇಟ್ ಕ್ಯಾನ್ಸರಿನಂತೆ ಕಾಣುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ ಆರು ತಿಂಗಳ ಗುಳಿಗೆಯಿಂದ ಸಾಮಾನ್ಯವಾಗಿ ವಾಸಿಯಾಗುವ ಕಾಯಿಲೆ ಅದು. ನೋಡಿದಾಕ್ಷಣ ‘ಇದು ಕ್ಯಾನ್ಸರೇ’ ಎಂದು ತೀರ್ಮಾನಿಸಿದರೂ ಅಷ್ಟೇ ಅನ್ಯಾಯ.

ಹೆಸರು ಏನಾದರೇನು, ಗಡ್ಡೆ ತೆಗೆದರಾಯಿತಲ್ಲ ಎಂದು ನಮ್ಮ ಮನೆಯಲ್ಲೂ ಕೇಳಿದರು. ಚಿಕಿತ್ಸೆಯೆಲ್ಲ ಹೆಸರಿನ ಮೇಲೇ ನಿಂತಿದೆ. ಸ್ಮಾಲ್ ಸೆಲ್ ಸಿಗುವ ಹೊತ್ತಿಗೆ ಬಹುತೇಕ ದೇಹದ ಬೇರೆಡೆಗೆ ಹರಡಿರುವುದರಿಂದ ಕಿಮೋಥೆರಪಿ, ರೇಡಿಯೇಷನ್‌ಗಳೇ ಮೊದಲ ದಾರಿ. ಎದೆ-ಹೊಟ್ಟೆ ಎರಡನ್ನೂ ತೆರೆಯುವ ದೊಡ್ಡ ಶಸ್ತ್ರಚಿಕಿತ್ಸೆಯಿಂದ ಹೆಚ್ಚಿನವರಿಗೆ ಲಾಭವಿಲ್ಲ. ಗಿಸ್ಟ್ ಮಾಮೂಲಿ ಕಿಮೋಗೆ ಬಗ್ಗುವುದಿಲ್ಲ. ಅದಕ್ಕೆ 2002ರಿಂದ ಬಳಕೆಗೆ ಬಂದ ಇಮ್ಯಾಟಿನಿಬ್ ಎಂಬ ಗುಳಿಗೆ ಇದೆ. ಲಿಂಫೋಮವಾದರೆ ಕತ್ತರಿ ಮುಟ್ಟಿಸದೆಯೂ ಗುಣವಾಗಬಹುದು. ತಪ್ಪು ಹೆಸರಿಗೆ ಕೊಟ್ಟ ಸರಿಯಾದ ಔಷಧದಿಂದ ರೋಗಿಗೆ ಉಪಯೋಗವಿಲ್ಲ.

ಸರಿಯಾದ ಹೆಸರು ಸಿಗಬೇಕಾದರೆ ಮಾಮೂಲಿ ನೀಲಿ-ಗುಲಾಬಿ ಬಣ್ಣ ಸಾಲದಾಗಿ ಐಎಚ್‌ಸಿ ಎಂಬ ಪರೀಕ್ಷೆಗೆ ಹೋಗಬೇಕಾಗುತ್ತದೆ. ಕೋಶದೊಳಗಿನ ನಿರ್ದಿಷ್ಟ ಪ್ರೋಟೀನಿಗಷ್ಟೇ ಅಂಟುವ ದ್ರವ್ಯಗಳನ್ನು ಒಂದೊಂದಾಗಿ ಹಾಕಿ ನೋಡುವ ವಿಧಾನ ಅದು. ಪಿ40 ಅಂಟಿದರೆ ಸ್ಕ್ವೇಮಸ್ ಕಡೆಗೆ, ಸಿನಾಪ್ಟೋಫೈಸಿನ್, ಸಿಡಿ56 ಅಂಟಿದರೆ ಸ್ಮಾಲ್ ಸೆಲ್ ಕಡೆಗೆ, ಎಚ್‌ಎಂಬಿ45 ಅಂಟಿದರೆ ಮೆಲನೋಮದ ಕಡೆಗೆ, ಸಿಡಿ117 ಅಂಟಿದರೆ ಗಿಸ್ಟ್ ಕಡೆಗೆ ಬೆರಳು ತೋರುತ್ತದೆ. ಒಂದೇ ದ್ರವ್ಯದ ಮೇಲೆ ತೀರ್ಪು ಕೊಡುವುದಿಲ್ಲ, ನಾಲ್ಕೈದನ್ನು ಕೂಡಿಸಿ ಓದುತ್ತಾರೆ. ಇದನ್ನು ಮಾಡುವ ಪ್ರಯೋಗಾಲಯ ಪ್ರತಿ ಊರಿನಲ್ಲೂ ಇರುವುದಿಲ್ಲ.

ಹುಬ್ಬಳ್ಳಿ-ಧಾರವಾಡ ಅವಳಿ ನಗರದವರು ಒಂದು ರೀತಿಯಲ್ಲಿ ಪುಣ್ಯವಂತರು. 1957ರಲ್ಲಿ ಹುಬ್ಬಳ್ಳಿಗೆ ಸರ್ಕಾರಿ ಮೆಡಿಕಲ್ ಕಾಲೇಜು ಬಂತು. ಬಾಗುವ ಫೈಬರ್ ಎಂಡೋಸ್ಕೋಪನ್ನು ಅಮೆರಿಕದಲ್ಲಿ ಬೇಸಿಲ್ ಹರ್ಷೋವಿಟ್ಸ್ ಮೊದಲು ಬಳಸಿ ತೋರಿಸಿದ್ದೂ ಅದೇ ವರ್ಷ. ಇವತ್ತು ಚಿಗರಿ ಬಸ್ಸು ಓಡುವ 22 ಕಿಲೋಮೀಟರ್ ದಾರಿಯಲ್ಲೇ ವಿದ್ಯಾನಗರದಲ್ಲಿ ಜನ ಈಗಲೂ ಕಿಮ್ಸ್ ಎಂದೇ ಕರೆಯುವ ದೊಡ್ಡಾಸ್ಪತ್ರೆ, ನವನಗರದಲ್ಲಿ ಡಾ. ಆರ್.ಬಿ. ಪಾಟೀಲರು ಕಟ್ಟಿದ ಕ್ಯಾನ್ಸರ್ ಸಂಸ್ಥೆ, ಸತ್ತೂರಿನಲ್ಲಿ ಎಸ್‌ಡಿಎಂ ವೈದ್ಯಕೀಯ ಕಾಲೇಜು ಸಾಲಾಗಿವೆ. ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಶಿರಸಿ ಕಡೆಯವರೆಲ್ಲ ಇಲ್ಲಿಗೇ ಬರುತ್ತಾರೆ. ಬೆಳಗಿನ ಚಿಗರಿಯಲ್ಲಿ ಎಕ್ಸ್‌ರೇಯ ದೊಡ್ಡ ಲಕೋಟೆಯನ್ನು ಮಡಿಲಲ್ಲಿ ಹಿಡಿದು ಕುಳಿತ ಹೆಂಗಸರನ್ನು ನೀವೂ ನೋಡಿರುತ್ತೀರಿ. ಇಲ್ಲಿಯೂ ಬಗೆಹರಿಯದ್ದಕ್ಕೆ ರಾಣಿ ಚೆನ್ನಮ್ಮ ರೈಲು ಇದೆ. ಒಂದು ಕಡೆ ಮಿರಜ್, ಇನ್ನೊಂದು ಕಡೆ ಬೆಂಗಳೂರು. ಅದಕ್ಕೂ ಮೀರಿದರೆ ಮುಂಬೈಯ ಟಾಟಾ ಆಸ್ಪತ್ರೆ.

ಆದರೆ ಪ್ರತಿ ಸಲವೂ ರೋಗಿಯೇ ಪ್ರಯಾಣ ಮಾಡಬೇಕಿಲ್ಲ, ಈ ಸಂಗತಿ ಎಷ್ಟು ಜನಕ್ಕೆ ಗೊತ್ತಿದೆಯೋ. ಹೋಗಬೇಕಾದದ್ದು ಆ ಮೇಣದ ಬ್ಲಾಕ್. ಬೆಂಕಿಪೆಟ್ಟಿಗೆಗಿಂತ ಚಿಕ್ಕದು, ಅಂಗೈಯಲ್ಲಿ ಮುಚ್ಚಿ ಹಿಡಿಯಬಹುದು. ಸರಿಯಾಗಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಬಯಾಪ್ಸಿ ಮಾಡಿದ ಲ್ಯಾಬಿಗೆ ಅರ್ಜಿ ಕೊಟ್ಟು ಬ್ಲಾಕ್ ಮತ್ತು ಸ್ಲೈಡ್ ಪಡೆದು, ಬೇರೊಬ್ಬ ಪೆಥಾಲಜಿಸ್ಟರಿಗೆ ತೋರಿಸಬಹುದು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಪಟ್ಟಿಯಲ್ಲಿ ಎರಡನೇ ಅಭಿಪ್ರಾಯ ಪಡೆಯುವುದೂ ಒಂದು. ಕೇಳಿದರೆ ಡಾಕ್ಟರಿಗೆ ಸಿಟ್ಟು ಬಂದೀತು ಎಂದು ನಮ್ಮ ಜನ ಅಂಜುತ್ತಾರೆ. ನಾನು ಕಂಡಂತೆ ಒಳ್ಳೆಯ ವೈದ್ಯರು ಸಿಟ್ಟಾಗುವುದಿಲ್ಲ, ತಾವೇ ಚೀಟಿ ಬರೆದುಕೊಡುತ್ತಾರೆ.

ದುಡ್ಡಿನ ಮಾತನ್ನೂ ಆಡಲೇಬೇಕು. 2018ರಿಂದ ನಡೆದಿರುವ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆಪರೇಷನ್, ಕಿಮೋ, ರೇಡಿಯೇಷನ್ ಎಲ್ಲ ಅದರಲ್ಲಿವೆ. ಎಷ್ಟೋ ಮನೆಗಳನ್ನು ಆ ಕಾರ್ಡು ಉಳಿಸಿದೆ. ಆದರೆ ಅದು ಕೆಲಸ ಶುರುಮಾಡುವುದು ಕಾಯಿಲೆಗೆ ಹೆಸರು ಬಿದ್ದಮೇಲೆ. ಒಳರೋಗಿಯಾಗಿ ಸೇರುವ ಮೊದಲು ಹೊರರೋಗಿಯಾಗಿ ಸುತ್ತುವ ದಿನಗಳ ಎಂಡೋಸ್ಕೋಪಿ, ಸ್ಕ್ಯಾನ್, ಐಎಚ್‌ಸಿಗಳ ಖರ್ಚು ಬಹುಮಟ್ಟಿಗೆ ರೋಗಿಯ ಕಿಸೆಯಿಂದಲೇ. ಅಪರೂಪದ ಕಾಯಿಲೆಯವರಿಗೆ ಈ ಸುತ್ತಾಟವೇ ಎಲ್ಲರಿಗಿಂತ ಉದ್ದ. ಎರಡನೇ ಬಯಾಪ್ಸಿಗೆ ‘ಮುಂದಿನ ಸುಗ್ಗಿ ಆಗಲಿ’ ಎಂದು ಹಿಂದೆ ಸರಿಯುವವರು ನನಗೆ ಗೊತ್ತು. ಕ್ಯಾನ್ಸರ್ ಶಂಕೆ ಇದೆ ಎಂದು ವೈದ್ಯರು ಬರೆದುಕೊಟ್ಟ ದಿನದಿಂದಲೇ ಪತ್ತೆಯ ಖರ್ಚನ್ನು ಈ ಯೋಜನೆ ಹೊರಬೇಕು. ನಮ್ಮ ಶಾಸಕರು ವಿಧಾನಸಭೆಯಲ್ಲಿ ಎತ್ತಬೇಕಾದ ಪ್ರಶ್ನೆ ಇದು.

ಹೆಂಗಸರ ಬಗ್ಗೆ ಒಂದು ಮಾತು. ಕಬ್ಬಿಣಾಂಶ ಕಡಿಮೆಯಾಗಿ ರಕ್ತಹೀನತೆ ಇರುವ ಕೆಲವು ಹೆಂಗಸರಿಗೆ ಅನ್ನನಾಳದ ಮೇಲ್ತುದಿಯಲ್ಲಿ ತೆಳುವಾದ ಪೊರೆ ಬೆಳೆದು ನುಂಗುವುದು ಕಷ್ಟವಾಗುತ್ತದೆ. ಪ್ಲಮ್ಮರ್-ವಿನ್ಸನ್ ಎಂದು ಅದರ ಹೆಸರು. ಹಾಗೇ ಬಿಟ್ಟರೆ ಅಲ್ಲಿ ಕ್ಯಾನ್ಸರ್ ಬರುವ ಅಪಾಯ ಹೆಚ್ಚು. ಕರ್ನಾಟಕದ ಹೆಂಗಸರಲ್ಲಿ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ. ‘ಗಂಟಲದಾಗ ಏನೋ ಸಿಕ್ಕಂಗ ಆಕ್ಕೈತಿ’ ಎಂದ ಸೊಸೆಗೆ ‘ಮನಸ್ಸಿಗೆ ಹಚ್ಚಿಕೊಂಡಾಳ, ಬಿಡ್ರಿ’ ಎಂದು ಹೇಳಿ ಮುಗಿಸುವ ಮನೆಗಳು ಇನ್ನೂ ಇವೆ.

ದೊಡ್ಡಪ್ಪನಿಗೆ ಎರಡನೇ ಸಲ ಎಂಟು ಚೂರು ತೆಗೆದರು. ಬ್ಲಾಕ್ ಬೆಂಗಳೂರಿಗೆ ಹೋಯಿತು. ಹತ್ತನೇ ದಿನ ಹೆಸರು ಬಂತು: ಸ್ಮಾಲ್ ಸೆಲ್. ಶಸ್ತ್ರಚಿಕಿತ್ಸೆಯ ಮಾತು ನಿಂತಿತು, ಕಿಮೋ ಶುರುವಾಯಿತು. ಈ ಬಗೆಯ ಗಡ್ಡೆ ಮೊದಲ ಸುತ್ತಿನ ಔಷಧಕ್ಕೆ ಬೇಗ ಕರಗುತ್ತದೆ. ಎರಡನೇ ಸುತ್ತು ಮುಗಿಸಿ ಬಂದ ವಾರ ಅವರು ಬಿಸಿ ರೊಟ್ಟಿ ಕೇಳಿ ಹಾಕಿಸಿಕೊಂಡು ಬದನೆಕಾಯಿ ಎಣ್ಣೆಗಾಯಿಯ ಜೊತೆ ಒಂದೂವರೆ ಉಂಡರು. ದೊಡ್ಡವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ಕುಳಿತು ನೋಡಿದಳು. ಅವರು ಇನ್ನೂ ಒಂದು ವರ್ಷ ನಮ್ಮೊಂದಿಗೆ ಇದ್ದರು. ಆ ಹನ್ನೊಂದು ವಾರ ಕೈಯಲ್ಲಿದ್ದಿದ್ದರೆ ಎಷ್ಟು ದಿನ ಸಿಗುತ್ತಿತ್ತು ಎಂದು ಅವಳು ಒಮ್ಮೆ ಕೇಳಿದ್ದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದನ್ನು ಓದುತ್ತಿರುವವರ ಮನೆಯಲ್ಲಿ ಯಾರಾದರೂ ಖಡಕ್ ರೊಟ್ಟಿ ಬಿಟ್ಟು ಎರಡು ವಾರ ದಾಟಿದ್ದರೆ, ತುತ್ತಿಗೊಮ್ಮೆ ನೀರು ಕುಡಿಯುತ್ತಿದ್ದರೆ, ಗ್ಯಾಸಿನ ಗುಳಿಗೆ ನಿಲ್ಲಿಸಿ ಎಂಡೋಸ್ಕೋಪಿ ಆಗುವಲ್ಲಿಗೆ ಕರೆದುಕೊಂಡು ಹೋಗಿ. ವರದಿ ಈಗಾಗಲೇ ಬಂದಿದ್ದರೆ ಕೊನೆಯ ಸಾಲನ್ನು ಯಾರಿಂದಲಾದರೂ ಕನ್ನಡದಲ್ಲಿ ಓದಿಸಿಕೊಳ್ಳಿ. ವರದಿ ಸರಿಯಿದ್ದೂ ರೊಟ್ಟಿ ಇಳಿಯದಿದ್ದರೆ ಮತ್ತೆ ಹೋಗಿ, ಬಯಾಪ್ಸಿ ಇನ್ನೊಮ್ಮೆ ಮಾಡುವಿರಾ ಎಂದು ಕೇಳಿ. ಒಪಿಡಿ ಬೆಳಿಗ್ಗೆಯೇ ತೆರೆಯುತ್ತದೆ.